ನಂಬಿಕಸ್ಥರು ಎಲ್ಲಿ ಸಿಗ್ತಾರೆ?

“ನಿಮ್ಮಮ್ಮನ್ನ ನೋಡ್ಕೊಳ್ಳೋಕೆ ಅಷ್ಟು ನಂಬಿಕಸ್ಥರು ಎಲ್ಲಿ ಸಿಕ್ಕಿದ್ರು? ನಮಗೂ ಒಬ್ಬರನ್ನ ಹೇಳಿ.” ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿದ ಮೇಲೆ ಇದನ್ನು ಕೇಳದವರಿಲ್ಲ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಂಬಿಕಸ್ಥರು ನಮಗೆ ಎಲ್ಲೂ ಸಿಗಲಿಲ್ಲ. ಕೆಲಸ ಗೊತ್ತಿದ್ದ ಒಬ್ಬರು ಸಿಕ್ಕಿದರು. ನಂಬಿಕೆ ಬರಲು ಮೂರು ತಿಂಗಳು ಹಿಡಿಯಿತು.

ಮೊದಲು ಬಂದಾಕೆ ತುಂಬ ನಯವಾಗಿ ಮಾತಾಡುತ್ತಿದ್ದರು. ಅಮ್ಮನನ್ನು ಎಬ್ಬಿಸುವಾಗ ಎಡಗೈ ಹಿಡಿದು ಎಳೆದುಬಿಟ್ಟರು. ಸ್ವಾಧೀನ ತಪ್ಪಿದ ಭುಜವನ್ನು ಹಾಗೆ ಎಳೆದರೆ ಕೀಲೇ ಜಾರಬಹುದು. ಅಮ್ಮ ಚೀರಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಬಂದವರದು ಮಾತು ಕಡಿಮೆ. ಅಂಗಿ ತೊಡಿಸುವಾಗ ಎಡಗೈಯನ್ನು ಮೊದಲು ತೋಳಿಗೆ ಸೇರಿಸಿದರು, ಬಿಚ್ಚುವಾಗ ಬಲಗೈ ಮೊದಲು. ಮಗ್ಗುಲಾಗಿಸಿ, ಸೊಂಟದ ಕೆಳಗೆ ಕೆಂಪಾಗಿದ್ದ ಕಡೆ ಬೆರಳಿಟ್ಟು ಒತ್ತಿ ನೋಡಿದರು. “ಒತ್ತಿದ್ರೂ ಬೆಳ್ಳಗಾಗ್ತಿಲ್ಲ ಅಕ್ಕ, ಹಾಸಿಗೆ ಹುಣ್ಣು ಶುರುವಾಗ್ತಿದೆ.” ದಿನಾ ಒರೆಸುತ್ತಿದ್ದ ನನಗೇ ಅದು ಗೊತ್ತಾಗಿರಲಿಲ್ಲ.

ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ ಎಲ್ಲ ಮಾಡಿಸಿ. ಹಿಂದೆ ಕೆಲಸ ಮಾಡಿದ ಮನೆಗೆ ಫೋನ್ ಮಾಡಿ. ಆದರೆ “ಒಳ್ಳೆಯವರಾ?” ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. “ಮತ್ತೆ ಬೇಕಾದರೆ ಇವರನ್ನೇ ಕರೀತೀರಾ? ಎಡವಟ್ಟಾದಾಗ ಏನು ಮಾಡಿದ್ರು?” ಅಂತ ಕೇಳಿ. ಸಂಬಳ ಕೊಟ್ಟು ನಾಲ್ಕು ದಿನ ಜೊತೆಗಿದ್ದು ನೋಡಿ.

ಮೊನ್ನೆ ಒಬ್ಬರು, “ಕಳ್ಳತನ ಗಿಳ್ಳತನ ಮಾಡಲ್ಲ ತಾನೇ?” ಅಂದರು. ನನಗೆ ಮೈ ಉರಿದುಹೋಯಿತು. ಮಲಮೂತ್ರ ಬಳಿಯುವ ಕೈಯ ಬಗ್ಗೆ ಮೊದಲು ಹುಟ್ಟುವ ಅನುಮಾನ ಇದೇ ಏನು? ಒಡವೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದು. ನನ್ನ ಭಯ ಬೇರೆಯೇ ಇತ್ತು: ಅಮ್ಮನಿಗೆ ಏನಾದರೂ ಆದರೆ ನನಗೆ ಹೇಳುತ್ತಾರಾ?

ಮೂರನೇ ತಿಂಗಳಲ್ಲಿ ಒಂದು ರಾತ್ರಿ ಅವರೇ ಬಂದು ನನ್ನನ್ನು ಎಬ್ಬಿಸಿದರು. ಬಿಪಿ ಮಾತ್ರೆ ಎರಡು ಸಲ ಕೊಟ್ಟುಬಿಟ್ಟಿದ್ದರು. ಕೈ ನಡುಗುತ್ತಿತ್ತು. ಯಾರೂ ನೋಡಿರಲಿಲ್ಲ, ಮುಚ್ಚಿಟ್ಟಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಬಯ್ಯಲು ಬಾಯಿ ತೆರೆದವಳು ತಡೆದುಕೊಂಡೆ. ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಹೇಳಿದಂತೆ ಬಿಪಿ ನೋಡುತ್ತ ಇಬ್ಬರೂ ಬೆಳಗಿನವರೆಗೆ ಕೂತೆವು. ಅಮ್ಮನಿಗೆ ಏನೂ ಆಗಲಿಲ್ಲ.

ಕೂತಲ್ಲೇ ಲೆಕ್ಕ ಹಾಕಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ದಿನಕ್ಕೆ 12 ಸಲ. ಆಕೆ ಒಬ್ಬರೇ ಹಗಲೂ ರಾತ್ರಿ ಅದನ್ನು ಮಾಡುತ್ತಿದ್ದರು. ವಾರದ ರಜೆಯನ್ನೂ “ಮುಂದಿನ ವಾರ ಹೋಗಿ” ಅಂತ ಎರಡು ಸಲ ಮುಂದೂಡಿದವಳು ನಾನೇ. ನನ್ನನ್ನು ಕೇಳಬೇಕಾದ್ದು ಇದನ್ನು: ಅವರು ಎಷ್ಟು ಹೊತ್ತು ಮಲಗ್ತಾರೆ? ಇದನ್ನು ಒಬ್ಬರೂ ಕೇಳಿಲ್ಲ. ಆವತ್ತಿನಿಂದ ರಾತ್ರಿಯ ಸರದಿ ನನ್ನದು ಮತ್ತು ತಮ್ಮನದು. ವಾರದ ರಜೆ ತಪ್ಪಿಸಿಲ್ಲ.

ಮಾತ್ರೆ, ಮೂತ್ರ, ಬಿಪಿ ಬರೆದಿಡುವ ಪುಸ್ತಕದಲ್ಲಿ ಆ ರಾತ್ರಿಯ ಪುಟ ಈಗಲೂ ಇದೆ. “ರಾತ್ರಿ ಮಾತ್ರೆ ಎರಡು ಸಲ ಕೊಟ್ಟಿದ್ದೇನೆ” ಅಂತ ಅವರದೇ ಅಕ್ಷರ, ಕೆಳಗೆ ಸಹಿ.

ಅವರ ನಂಬರ್ ಮಾತ್ರ ಕೇಳಬೇಡಿ. ಅವರಿನ್ನೂ ನಮ್ಮಲ್ಲೇ ಇದ್ದಾರೆ.