ಮ್ಯಾರಥಾನ್ ತಯಾರಿಯ 9ನೇ ವಾರ

ಜನವರಿ ಮೂರನೇ ಭಾನುವಾರದ ಮುಂಬೈ ಮ್ಯಾರಥಾನ್‌ಗೆ 16 ವಾರದ ತಯಾರಿ ಅಂದರೆ ಸೆಪ್ಟೆಂಬರ್ ಕೊನೆಯಲ್ಲಿ ಶುರು. ಮೊದಲ ತಿಂಗಳು ಯಾರಿಗೂ ಹುರುಪು ತುಂಬಬೇಕಾಗಿಲ್ಲ. ಹೊಸ ಶೂ ಇರುತ್ತದೆ, ಬೆಳಗಿನ ಕಬ್ಬನ್ ಪಾರ್ಕ್ ಇರುತ್ತದೆ, ವಾರ ವಾರವೂ ದೂರ ಏರುತ್ತಿರುತ್ತದೆ. ಕಷ್ಟ ಶುರುವಾಗುವುದು ನವೆಂಬರ್ ಕೊನೆಗೆ, 9ನೇ ವಾರದ ಆಸುಪಾಸಿನಲ್ಲಿ. ಲಾಂಗ್ ರನ್, ಅಂದರೆ ವಾರದ ಅತಿ ದೂರದ ಓಟ, 24–26 ಕಿ.ಮೀ. ಮುಟ್ಟಿರುತ್ತದೆ, ರೇಸ್ ಇನ್ನೂ ದೂರ, ಮದುವೆಗಳ ಸಾಲು, ಐದು ಗಂಟೆಗೆ ಹೊರಗೆ ಕತ್ತಲು ಮತ್ತು ಚಳಿ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಯಾಕೋ ಮನಸ್ಸೇ ಬರ್ತಿಲ್ಲ.’

ಆ ಮಾತು ಬಂದಾಗ ಮನಸ್ಸನ್ನು ಬೈಯುವ ಮೊದಲು ದೇಹವನ್ನು ವಿಚಾರಿಸಿ. ‘ಸೋಮಾರಿತನ’ ಎಂದು ಜನ ತಮ್ಮನ್ನು ತಾವೇ ಹಳಿದುಕೊಳ್ಳುವ ಎಷ್ಟೋ ಸಲ ಅದು ದಣಿವು, ಇಲ್ಲವೇ ಹಸಿವು. ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗಲೇ ನಾಡಿ ಎಣಿಸಿ. ಮಾಮೂಲಿಗಿಂತ 5–10 ಬಡಿತ ಹೆಚ್ಚಾಗಿದ್ದು, ಎರಡು ಮೂರು ದಿನ ಹಾಗೇ ಇದ್ದರೆ ಆ ವಾರದ ದೂರವನ್ನು ಮೂರನೇ ಒಂದು ಭಾಗ ಇಳಿಸಿ. ಓಟ ಹೆಚ್ಚಿದಂತೆ ಊಟ ಹೆಚ್ಚಿದೆಯೇ ನೋಡಿ. ತೂಕ ಇಳಿಸುವ ಆಸೆ ಮತ್ತು ಮ್ಯಾರಥಾನ್ ತಯಾರಿ ಒಟ್ಟಿಗೆ ನಡೆದಾಗ ಮೊದಲು ಕುಸಿಯುವುದೇ ಉತ್ಸಾಹ. ಸರಿಯಾಗಿ ಉಂಡು, ಮಲಗಿದರೂ ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಕೂಡ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಿಗೆ ಮುಟ್ಟು ನಿಂತರೆ ಅದನ್ನು ಓಟದ ಸಹಜ ಪರಿಣಾಮ ಎಂದು ಬಿಡಬೇಡಿ, ವೈದ್ಯರಿಗೆ ಹೇಳಲೇಬೇಕು.

ಎರಡನೇ ಕಳ್ಳ ವೇಗ. ನಾಲ್ಕೂವರೆ ಗಂಟೆಯಲ್ಲಿ 42.195 ಕಿ.ಮೀ. ಮುಗಿಸಬೇಕೆಂದರೆ ಕಿ.ಮೀ.ಗೆ ಸುಮಾರು 6 ನಿಮಿಷ 24 ಸೆಕೆಂಡಿನ (6:24) ಪೇಸ್ ಬೇಕು. ಅಂಥವರು ಈಸಿ ರನ್‌ಗಳನ್ನು 7:00–7:30ರಲ್ಲಿ ಓಡಬೇಕು, ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನವಾಗಿ. ಆದರೆ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುತ್ತದಲ್ಲ ಎಂದು 6:15ರಲ್ಲಿ ಓಡುತ್ತಾರೆ. ವಾರಕ್ಕೆ ನಾಲ್ಕು ಓಟವಿದ್ದರೆ ನಾಲ್ಕೂ ಪರೀಕ್ಷೆಯಾಗುತ್ತದೆ. ದಿನಾ ಪರೀಕ್ಷೆ ಇರುವ ಶಾಲೆಗೆ ಯಾವ ಮಗು ಖುಷಿಯಿಂದ ಹೋದೀತು? ವಾರದಲ್ಲಿ ಜೋರು ಓಟ ಒಂದು ಸಾಕು. ನಾಲ್ಕು ವಾರಕ್ಕೊಮ್ಮೆ ಲಾಂಗ್ ರನ್ ಇಳಿಸಿ: 22, 24, 26 ಆದ ಮೇಲೆ 18. ಆ 18ರ ಭಾನುವಾರ ಕಾಲು ಹಗುರಾಗುವುದರ ಜೊತೆಗೆ ಮುಂದಿನ 28ರ ಮೇಲೆ ಆಸೆಯೂ ಹುಟ್ಟುತ್ತದೆ.

ಇವೆರಡೂ ಸರಿಯಿದ್ದೂ ಮನಸ್ಸು ಏಳದಿದ್ದರೆ ಆಗ ‘ಯಾಕೆ ಓಡುತ್ತಿದ್ದೇನೆ’ ಎಂಬ ಪ್ರಶ್ನೆಗೆ ಬರೋಣ. ಮೆಡಲ್, ಆಫೀಸಿನವರ ಪಂದ್ಯ, ಫೋಟೊ ಇವು ಕೆಟ್ಟ ಕಾರಣಗಳೇನಲ್ಲ, ಬಹಳ ಜನರನ್ನು ಓಟಕ್ಕೆ ಎಳೆಯುವುದೇ ಅವು. ತೊಂದರೆ ಏನೆಂದರೆ ಅವುಗಳ ಫಲ ಸಿಗುವುದು ಜನವರಿಯಲ್ಲಿ, ಎದ್ದೇಳಬೇಕಾದದ್ದು ಇವತ್ತು. ಇವತ್ತಿನ ಓಟ ಇವತ್ತೇ ಏನು ಕೊಡುತ್ತದೆ ಎನ್ನುವುದಕ್ಕೆ ಉತ್ತರ ಬೇಕು. ಅದಕ್ಕೊಂದು ಪುಟ್ಟ ನೋಟ್‌ಬುಕ್ ಇಡಿ. ಓಡಿ ಬಂದು ಬೆವರು ಆರುವ ಮೊದಲೇ ಒಂದೇ ಸಾಲು ಬರೆಯಿರಿ, ದೂರ ಮತ್ತು ಪೇಸ್ ಬಿಟ್ಟು. ‘ಸ್ಯಾಂಕಿ ಕೆರೆ ಮೇಲೆ ಮಂಜು, ಎರಡನೇ ಸುತ್ತಿನಲ್ಲಿ ಉಸಿರು ತಾನಾಗಿ ಸರಿಹೋಯಿತು’ ಎಂಬಂಥದ್ದು. ಮೂರು ವಾರದ ನಂತರ ಓದಿದರೆ ಒಂದೇ ಬಗೆಯ ಸಾಲು ಮತ್ತೆ ಮತ್ತೆ ಬಂದಿರುತ್ತದೆ. ನಿಮ್ಮನ್ನು ಒಳಗಿನಿಂದ ಎಬ್ಬಿಸುವುದು ಅದೇ. ಕೆಲವರಿಗೆ ಅದು ಒಬ್ಬರೇ ಇರುವ ಒಂದು ಗಂಟೆ, ಕೆಲವರಿಗೆ ಗೆಳೆಯರ ಹರಟೆ.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೀಸಿ ಮತ್ತು ರಿಚರ್ಡ್ ರಯಾನ್ ಒಳಗಿನ ಪ್ರೇರಣೆಗೆ ಮೂರು ಆಸರೆ ಹೇಳಿದ್ದಾರೆ: ಆಯ್ಕೆ ನನ್ನದು ಎನಿಸಬೇಕು, ನನ್ನ ಕೈಲಾಗುತ್ತದೆ ಎನಿಸಬೇಕು, ಜೊತೆಗೆ ಯಾರೋ ಇದ್ದಾರೆ ಎನಿಸಬೇಕು. ತಯಾರಿಯಲ್ಲಿ ಮೂರಕ್ಕೂ ಜಾಗ ಮಾಡಬಹುದು. ವಾರದ ಒಂದು ಓಟವನ್ನು ಪಟ್ಟಿಯಲ್ಲಿ ಖಾಲಿ ಬಿಡಿ. ದಾರಿ, ದೂರ, ವೇಗ ಎಲ್ಲ ಆ ಬೆಳಿಗ್ಗೆ ನಿಮ್ಮಿಷ್ಟ. ಮೂರು ವಾರಕ್ಕೊಮ್ಮೆ ಅದೇ 6 ಕಿ.ಮೀ. ದಾರಿಯನ್ನು ಅದೇ ಹೃದಯ ಬಡಿತದಲ್ಲಿ, 140 ಇದ್ದರೆ 140ರಲ್ಲೇ ಓಡಿ ನೋಡಿ. ಮೊದಲು ತೆಗೆದುಕೊಂಡ ಸಮಯಕ್ಕಿಂತ ಒಂದು ನಿಮಿಷ ಕಡಿಮೆಯಾಗಿದ್ದರೆ ಅದಕ್ಕಿಂತ ದೊಡ್ಡ ಶಹಭಾಸ್‌ಗಿರಿ ಇಲ್ಲ. ಹವೆ ಮಾತ್ರ ಹೆಚ್ಚುಕಡಿಮೆ ಒಂದೇ ಇರಲಿ, ಸೆಖೆಯ ದಿನ ಬಡಿತ ತಾನಾಗಿಯೇ ಏರುತ್ತದೆ. ಜೊತೆಗೆ ಒಬ್ಬರು ಸಾಕು, ಭಾನುವಾರದ ಮಟ್ಟಿಗೆ.

ಸಂಜೆ ಓಡುವವರಿಗೆ ಒಂದು ಮಾತು. 2009ರಲ್ಲಿ ಸಾಮ್ಯುಯೆಲೆ ಮಾರ್ಕೊರಾ ಎಂಬ ವ್ಯಾಯಾಮ ವಿಜ್ಞಾನಿ ಮತ್ತು ಸಂಗಡಿಗರು 16 ಜನರನ್ನು 90 ನಿಮಿಷ ಕಂಪ್ಯೂಟರ್ ಮುಂದೆ ತಲೆಗೆ ಕೆಲಸ ಕೊಟ್ಟು ಕೂರಿಸಿ, ಆಮೇಲೆ ಸುಸ್ತಾಗುವವರೆಗೆ ಸೈಕಲ್ ತುಳಿಸಿದರು. ತಲೆಗೆ ಬಿಡುವಿದ್ದ ದಿನಕ್ಕಿಂತ ತಲೆ ದಣಿದ ದಿನ ಅವರು ಬೇಗ ಕೈಚೆಲ್ಲಿದರು. ಹೃದಯ, ಸ್ನಾಯುಗಳಲ್ಲಿ ಅದಕ್ಕೆ ಕಾರಣ ಸಿಗಲಿಲ್ಲ, ಅದೇ ಶ್ರಮ ಅವರಿಗೆ ಹೆಚ್ಚು ಭಾರವೆನಿಸಿತ್ತು, ಅಷ್ಟೇ. ಇಡೀ ದಿನ ಮೀಟಿಂಗ್, ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದ ಮೇಲೆ ಟೆಂಪೊ ರನ್ (ಒಂದೇ ಸಮನೆ ಜೋರಾಗಿ ಓಡುವ ಓಟ) ಇಟ್ಟುಕೊಂಡು ‘ನನ್ನಲ್ಲಿ ಛಲವಿಲ್ಲ’ ಎಂದುಕೊಳ್ಳುವುದು ತಪ್ಪು. ಜೋರು ಓಟ ಬೆಳಿಗ್ಗೆಗೆ, ಸಂಜೆಗೆ ಬರೀ ಈಸಿ ರನ್.

ನಿರ್ಧಾರಗಳನ್ನು ಹಿಂದಿನ ರಾತ್ರಿಯೇ ಮುಗಿಸಿಡಿ. ಶೂ ಒಳಗೆ ಸಾಕ್ಸ್, ಬಾಗಿಲ ಬಳಿ ನೀರಿನ ಬಾಟಲಿ, ಫೋನ್ ಹಾಸಿಗೆಯಿಂದ ಎದ್ದು ಹೋಗಿ ಮುಟ್ಟುವಷ್ಟು ದೂರ. ‘ಹೀಗಾದರೆ ಹೀಗೆ’ ಎಂಬ ನಿಯಮಗಳೂ ಮೊದಲೇ ಇರಲಿ. ಮನಸ್ಸಿಲ್ಲದಿದ್ದರೆ 15 ನಿಮಿಷ ಓಡುವುದು, ಆಗಲೂ ಬೇಡ ಎನಿಸಿದರೆ ವಾಪಸ್, ಬೇಸರವಿಲ್ಲದೆ. ತಪ್ಪಿದ ಓಟವನ್ನು ಮರುದಿನ ಸೇರಿಸುವಂತಿಲ್ಲ. ಲಾಂಗ್ ರನ್‌ಗೆ ಮನೆ ಮುಂದೆ ಹಾದುಹೋಗುವ ಸುತ್ತುಗಳು ಬೇಡ, 18ನೇ ಕಿ.ಮೀ.ನಲ್ಲಿ ಒಗ್ಗರಣೆ ವಾಸನೆ ಬಂದರೆ ಗೇಟು ದಾಟುವುದು ಕಷ್ಟ. 13 ಹೋಗಿ 13 ಬರುವ ದಾರಿ ಹಿಡಿಯಿರಿ. ಮಂಡಿ ಅಥವಾ ಮೂಳೆಯ ಒಂದೇ ಜಾಗದಲ್ಲಿ ಚುಚ್ಚುವ ನೋವಿದ್ದರೆ ಮಾತ್ರ ಈ ಯಾವ ನಿಯಮವೂ ಇಲ್ಲ, ನಿಲ್ಲಿಸಿ.

30 ಕಿ.ಮೀ. ದಾಟಿದ ಮೇಲೆ ತಲೆಯಲ್ಲಿ ಏಳುವ ‘ಸಾಕು’ ಅನ್ನುವ ದನಿಗೂ ಅರ್ಧ ಉತ್ತರ ಹೊಟ್ಟೆಯಲ್ಲಿದೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಕರಗುತ್ತಾ ಬಂದಿರುತ್ತದೆ. ಮೊದಲಿನಿಂದಲೇ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಹೋಗುತ್ತಿರಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏನು ತಿಂದರೆ ಹೊಟ್ಟೆ ಒಪ್ಪುತ್ತದೆ ಎಂದು ಲಾಂಗ್ ರನ್‌ಗಳಲ್ಲೇ ನೋಡಿಕೊಳ್ಳಿ. ಉಳಿದರ್ಧಕ್ಕೆ ಮಾತು ಬೇಕು. ಮುಂಬೈಯಲ್ಲಿ ಪೆಡ್ಡರ್ ರಸ್ತೆಯ ಏರು ಬರುವುದು ಈ ಹೊತ್ತಿಗೇ, ಬಿಸಿಲೂ ಏರಿರುತ್ತದೆ, ಬೆಂಗಳೂರಿನ ತಂಪಿಗೆ ಒಗ್ಗಿದ ಮೈ ಆ ಬೆವರಿಗೆ ಕಂಗೆಡುತ್ತದೆ. ಅಲ್ಲಿ 42 ನೆನೆಯಬೇಡಿ. ಮುಂದಿನ ಲೈಟ್ ಕಂಬ, ಅಲ್ಲಿಂದ ಮುಂದಿನದು. ‘ಭುಜ ಸಡಿಲ, ಹೆಜ್ಜೆ ಚಿಕ್ಕದು’ ಎಂದು ನಿಮ್ಮ ಮನೆಮಾತಿನಲ್ಲೇ ಹೇಳಿಕೊಳ್ಳಿ. ಕಡೆಯ 5 ಕಿ.ಮೀ. ಬಂದಾಗಲೆಲ್ಲ ಪ್ರತಿ ಲಾಂಗ್ ರನ್‌ನಲ್ಲೂ ಅದೇ ಮಾತು ಹೇಳಿ ರೂಢಿಯಾಗಿದ್ದರೆ ಮಾತ್ರ ಅದು ಅಲ್ಲಿ ಕೆಲಸ ಮಾಡುತ್ತದೆ.

ರೇಸ್ ಮುಗಿದ ಮರುವಾರ ಒಂದು ಖಾಲಿತನ ಬರುತ್ತದೆ, ಹೆದರಬೇಡಿ. ಎರಡು ವಾರ ಯಾವ ಪಟ್ಟಿಯೂ ಬೇಡ, ನಡೆಯಿರಿ, ನಿದ್ದೆ ಮಾಡಿ. ಮೂರನೇ ವಾರ ವಾಚ್ ಮನೆಯಲ್ಲಿಟ್ಟು ಅರ್ಧ ಗಂಟೆ ಓಡಿ, ಬಂದು ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. ಮುಂದಿನ ರೇಸಿಗೆ ಹಣ ಕಟ್ಟುವುದು ಅದಾದ ಮೇಲೆ.