ಕೊಲಾಬಾದ ಅಫ್ಘಾನ್ ಚರ್ಚು

ಕೊಲಾಬಾದ ಅಂಗಡಿಸಾಲು ಮುಗಿದು ದಂಡು ಪ್ರದೇಶ ಶುರುವಾದ ಕೂಡಲೇ ಮುಂಬಯಿಯ ಗದ್ದಲ ಒಮ್ಮೆಗೇ ಇಳಿಯುತ್ತದೆ. ಮರಗಳ ತುದಿಯ ಮೇಲೆ ಸುಮಾರು 60 ಮೀಟರ್ ಎತ್ತರದ ಚೂಪು ಗೋಪುರ ಕಂಡಿತು. ಒಂದು ಕಾಲದಲ್ಲಿ ಬಂದರಿಗೆ ಬರುವ ಹಡಗುಗಳಿಗೆ ಇದೇ ಗುರುತು. ಸೇಂಟ್ ಜಾನ್ ಹೆಸರಿನ ಚರ್ಚು ಇದು, ಆದರೆ ಜನ ಕರೆಯುವುದು ಅಫ್ಘಾನ್ ಚರ್ಚು ಎಂದೇ.

1858ರಲ್ಲಿ ಪ್ರತಿಷ್ಠೆಯಾದ ಈ ಚರ್ಚು ಮೊದಲ ಆಂಗ್ಲೋ-ಅಫ್ಘಾನ್ ಯುದ್ಧದಲ್ಲಿ ಮಡಿದವರ ಸ್ಮಾರಕ. 1842ರ ಜನವರಿಯಲ್ಲಿ ಕಾಬೂಲಿನಿಂದ ಬ್ರಿಟಿಷ್ ದಂಡಿನೊಂದಿಗೆ ಹಿಂದಿರುಗಲು ಹೊರಟವರು ಸುಮಾರು 16,000 ಮಂದಿ. ಅವರಲ್ಲಿ ಸೈನಿಕರು ನಾಲ್ಕೂವರೆ ಸಾವಿರದಷ್ಟು. ಉಳಿದವರೆಲ್ಲ ಆಳುಕಾಳುಗಳು, ಹೆಂಗಸರು, ಮಕ್ಕಳು. ಬಹುಪಾಲು ಜನ ಹಿಮದ ಕಣಿವೆ ದಾಟಲೇ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಚರ್ಚಿನ ಜೀರ್ಣೋದ್ಧಾರವಾಗಿದೆ. ಕಡಲ ಪಕ್ಕದ ಕಟ್ಟಡಕ್ಕೆ ದೊಡ್ಡ ಶತ್ರು ಉಪ್ಪು. ಗೋಡೆಯ ಒಂದು ಮೂಲೆ ಮುಟ್ಟಿದೆ, ಬೆರಳಿಗೆ ಬಿಳಿ ಪುಡಿ ಅಂಟಿತು. ಮಳೆಗಾಲದಲ್ಲಿ ಉಪ್ಪು ನೀರಿನೊಂದಿಗೆ ಕಲ್ಲಿನೊಳಗೆ ಇಳಿಯುತ್ತದೆ. ಒಣಗಿದಾಗ ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನೇ ಸಿಡಿಸುತ್ತದೆ. ಇಂಥ ಗೋಡೆಯ ಸಂದಿಗೆ ಸಿಮೆಂಟು ಮೆತ್ತಿದರೆ ತೇವಕ್ಕೆ ಹೊರದಾರಿ ಮುಚ್ಚಿ ಕಲ್ಲು ಇನ್ನೂ ಬೇಗ ಹಾಳಾಗುತ್ತದೆ. ಸುಣ್ಣದ ಗಾರೆ ಹಾಗಲ್ಲ. ತೇವವನ್ನು ತಾನೇ ಹೊರಬಿಟ್ಟು, ಕಲ್ಲಿಗಿಂತ ಮೊದಲು ತಾನು ಸವೆಯುತ್ತದೆ. ಅದನ್ನು ಕೆದಕಿ ತೆಗೆದು ಮತ್ತೆ ತುಂಬಬಹುದು. ನಮ್ಮ ಹಳೇ ಗಾರೆ ಕೆಲಸದವರಿಗೆ ಇದು ಗೊತ್ತಿತ್ತು!

ಒಳಗೆ ಇಂಗ್ಲೆಂಡಿನ ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್ ವಿನ್ಯಾಸದ ಟೈಲಿನ ನೆಲ. ಬಣ್ಣದ ಗಾಜಿನಿಂದ ಬಿದ್ದ ನೀಲಿ ಬೆಳಕು ಅದರ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ.

ಆಮೇಲೆ ಸ್ಮಾರಕದ ಬರಹ ಓದಿದೆ. ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸೈನಿಕರ ಬಗ್ಗೆ ಇರುವುದು ಇಷ್ಟೇ: ಅವರ ಸಂಖ್ಯೆ ತುಂಬಾ ದೊಡ್ಡದು, ಹೆಸರು ಬರೆಯಲಾಗದಷ್ಟು. ಆ ಸಾಲು ನನ್ನನ್ನು ಕಲಕಿಬಿಟ್ಟಿತು. ಆ ಯುದ್ಧಕ್ಕೆ ಹೋದವರಲ್ಲಿ ಹೆಚ್ಚಿನವರು ಭಾರತದ ಹಳ್ಳಿಗಳ ಸಿಪಾಯಿಗಳು. ದಂಡಿನ ಹಿಂದೆ ನಡೆದ ಆಳುಗಳಿಗಂತೂ ಆ ಒಂದು ಸಾಲಿನಲ್ಲೂ ಜಾಗವಿಲ್ಲ. ಹಳೆಯ ಬರಹವನ್ನು ತಿದ್ದಬಾರದು, ಅದು ಇದ್ದ ಹಾಗೇ ಉಳಿಯಲಿ. ಆದರೆ ಬಾಗಿಲ ಬಳಿ ಅವರಿಗಾಗಿ ಒಂದು ಫಲಕ ಬೇಕು. ಎಷ್ಟು ಮಂದಿ, ಯಾವ ಯಾವ ಸೀಮೆಯವರು ಎಂದಾದರೂ ಅದರಲ್ಲಿ ಬರೆಯಬೇಕು.