ಕತ್ತೆಮರಿಯೂ ಕಡ ತಂದದ್ದೇ

ಯೇಸು ಕತ್ತೆಮರಿ ಏರಿ ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಸ್ವಾಗತಿಸಿದ್ದನ್ನು ನೆನೆಯುವ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರಕ್ಕೆ ತುಮಕೂರು ಸೀಮೆಯಲ್ಲಿ ಗರಿಗೇನು ಬರವಿಲ್ಲ. ಗುಬ್ಬಿ, ತಿಪಟೂರು, ತುರುವೇಕೆರೆ, ಎತ್ತ ನೋಡಿದರೂ ತೆಂಗು. ಆದರೂ ಹಿಂದಿನ ದಿನ ಚರ್ಚಿನ ಹುಡುಗರು ಮಚ್ಚು ಹಿಡಿದು ಹೊರಟರೆ ತೋಟದವರು ಮುಖ ಗಂಟಿಕ್ಕುತ್ತಾರೆ. ತಪ್ಪು ಅವರದಲ್ಲ. ಕಣ್ಣಿಗೆ ಚೆಂದ ಕಾಣುವುದು ಇನ್ನೂ ಬಿಚ್ಚದ ಬೆಣ್ಣೆಬಣ್ಣದ ಸುಳಿ. ಮರಕ್ಕಿರುವುದು ಅದೊಂದೇ, ತಿಂಗಳಿಗೆ ಬರುವುದು ಹೆಚ್ಚುಕಡಿಮೆ ಒಂದೇ ಗರಿ. ಸುಳಿಗೆ ಗಾಯವಾದರೆ ರೈನೋ ದುಂಬಿಗೂ ಕೊಳೆರೋಗಕ್ಕೂ ದಾರಿ ಬಿಟ್ಟುಕೊಟ್ಟ ಹಾಗೆ. ಕೆಳಸುತ್ತಿನ ಹಸಿರು ಗರಿ ಸಾಕು, ಒಂದರಲ್ಲೇ ಇನ್ನೂರರ ಹತ್ತಿರ ಎಸಳು ಸಿಗುತ್ತವೆ. ಕೆರೆ ಏರಿಯ ಈಚಲು ಇನ್ನೂ ಒಳ್ಳೆಯದು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಖರ್ಜೂರದ ಗರಿ ಎಂದು ಹೆಸರಿಟ್ಟು ಹೇಳುವವನು ಯೋವಾನ್ನನೊಬ್ಬನೇ, ಈಚಲು ಖರ್ಜೂರದ ದಾಯಾದಿ. ಬುಡದ ಮುಳ್ಳು ಮಾತ್ರ ಸವರಿಬಿಡಬೇಕು, ಮಕ್ಕಳ ಕೈ.

ಶಿಲುಬೆ ಮಡಿಚುವವರು ಎಸಳಿನ ಕಡ್ಡಿ ತೆಗೆದು, ಅರ್ಧ ಅಂಗುಲ ಅಗಲಕ್ಕೆ ಸೀಳಿ, ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಒಣಗಿದ್ದು ಮಡಿಕೆಯಲ್ಲೇ ಸೀಳುತ್ತದೆ. ಅಡ್ಡಪಟ್ಟಿಯನ್ನು ಬಿಗಿಯಾಗಿಯೇ ಸುತ್ತಿ. ಎಸಳು ಒಣಗುತ್ತಾ ಕುಗ್ಗುವುದರಿಂದ, ಸಡಿಲ ಬಿಟ್ಟರೆ ಪಾಸ್ಕ (ಈಸ್ಟರ್) ಹಬ್ಬದ ಹೊತ್ತಿಗೆ ಅಡ್ಡಪಟ್ಟಿ ಜಾರಿ ಕೆಳಗಿಳಿದಿರುತ್ತದೆ.

ಕಥೋಲಿಕ ಚರ್ಚುಗಳಲ್ಲಿ ಅಂದು ಗುರುಗಳದು ಕೆಂಪು ಪೂಜಾವಸ್ತ್ರ. ಹೊರಗೆ ಗರಿ ಆಶೀರ್ವಾದ, ಯೇಸುಸ್ವಾಮಿ ಜೆರುಸಲೇಮನ್ನು ಪ್ರವೇಶಿಸಿದ ವಾಚನ, ಮೆರವಣಿಗೆ, ‘ಹೊಸಾನ್ನ’ ಎಂಬ ಜೈಕಾರ. ಒಳಗೆ ಹೋದ ಮೇಲೆ ಯೇಸುವಿನ ಯಾತನೆ, ಮರಣದ ದೀರ್ಘ ವಾಚನ. ಅದರಲ್ಲಿ ಜನಸಮೂಹದ ಮಾತನ್ನು ಎಷ್ಟೋ ಕಡೆ ಸಭೆಯೇ ಹೇಳುತ್ತದೆ: ‘ಅವನನ್ನು ಶಿಲುಬೆಗೇರಿಸಿ.’ ಅರ್ಧ ಗಂಟೆ ಹಿಂದೆ ಹೊಸಾನ್ನ ಹಾಡಿದ ಬಾಯಿ ಅದೇ, ಗರಿ ಇನ್ನೂ ಕೈಯಲ್ಲೇ ಇದೆ. ಯೇಸುವಿನ ಅಧಿಕಾರ ಜನರ ಜೈಕಾರದಿಂದ ಬಂದದ್ದಾಗಿದ್ದರೆ ಆ ಕ್ಷಣಕ್ಕೇ ಮುಗಿದುಹೋಗಬೇಕಿತ್ತು.

ದೇವಾಲಯದ ವ್ಯಾಪಾರಿಗಳನ್ನು ಹೊರಗಟ್ಟಿದ ಮೇಲೆ ಮುಖ್ಯ ಯಾಜಕರು ಕೇಳಿದ್ದೂ ಇದನ್ನೇ: ಯಾವ ಅಧಿಕಾರದಿಂದ ಇದನ್ನು ಮಾಡುತ್ತಿದ್ದೀಯೆ, ಕೊಟ್ಟವರು ಯಾರು? ಮತ್ತಾಯನ ಶುಭಸಂದೇಶದ 21ನೇ ಅಧ್ಯಾಯದಲ್ಲಿದೆ. ಯೇಸು ಮರುಪ್ರಶ್ನೆ ಹಾಕಿದರು: ಸ್ನಾನಿಕ ಯೋವಾನ್ನನ (ಶುಭಸಂದೇಶದ ಯೋವಾನ್ನ ಬೇರೆ) ಸ್ನಾನದೀಕ್ಷೆ ಪರಲೋಕದಿಂದಲೋ, ಮನುಷ್ಯರಿಂದಲೋ? ಪರಲೋಕದಿಂದ ಅಂದರೆ ‘ಮತ್ತೇಕೆ ನಂಬಲಿಲ್ಲ’ ಎನ್ನುತ್ತಾನೆ, ಮನುಷ್ಯರಿಂದ ಅಂದರೆ ಜನ ಸುಮ್ಮನಿರುವುದಿಲ್ಲ. ಯಾಜಕರು ಹೀಗೆ ಲೆಕ್ಕ ಹಾಕಿ ‘ಗೊತ್ತಿಲ್ಲ’ ಅಂದರು. ಇದನ್ನು ಜಾಣತನದ ಸವಾಲು-ಜವಾಬು ಎಂದು ವಿವರಿಸಿ ಮುಗಿಸುವ ಚರ್ಚಿನ ಪ್ರವಚನಗಳು ಸಾಕಷ್ಟಿವೆ, ಅದು ಸಾಲದು. ಅಧಿಕಾರ ಬರುವುದು ಎರಡೇ ಕಡೆಯಿಂದ ಎಂದು ಆ ಪ್ರಶ್ನೆಯೇ ಗೆರೆ ಎಳೆದುಬಿಟ್ಟಿದೆ.

ಯೇಸು ತಮ್ಮದೆಂದು ಹೇಳಿಕೊಂಡದ್ದು ಕಡಿಮೆ. ತಂದೆ ಮಾಡುವುದನ್ನು ಕಂಡಲ್ಲದೆ ಮಗನು ತಾನಾಗಿ ಏನನ್ನೂ ಮಾಡಲಾರನು ಎನ್ನುತ್ತದೆ ಯೋವಾನ್ನನ ಶುಭಸಂದೇಶದ 5ನೇ ಅಧ್ಯಾಯ. ಇದನ್ನು ಚೆನ್ನಾಗಿ ಹಿಡಿದವನು ಒಬ್ಬ ರೋಮನ್ ಶತಾಧಿಪತಿ. ‘ನಾನೂ ಇನ್ನೊಬ್ಬರ ಕೈಕೆಳಗಿನವನು, ನನ್ನ ಕೈಕೆಳಗೂ ಸೈನಿಕರಿದ್ದಾರೆ’ ಅಂದ. ತಾಲ್ಲೂಕು ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಹಿಗೆ ಬೆಲೆ ಬರುವುದು ಹಿಂದಿರುವ ಸರ್ಕಾರದಿಂದ, ಕೈಬರಹದ ಅಂದದಿಂದಲ್ಲ. ಜೆರುಸಲೇಮಿಗೆ ಯೇಸು ಏರಿ ಬಂದ ಕತ್ತೆಮರಿಯೂ ಬೇಗ ಹಿಂದಿರುಗಿಸುತ್ತೇವೆಂದು ಹೇಳಿ ಕಡ ತಂದದ್ದು.

ಆ ಅಧಿಕಾರ ಇಂದು ನಮಗೆ ತಲುಪುವ ದಾರಿಯ ಬಗ್ಗೆ ಜಿಲ್ಲೆಯ ಕ್ರೈಸ್ತರಲ್ಲೇ ಎರಡು ಮಾತಿದೆ. ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ಕಥೋಲಿಕರು ಪವಿತ್ರ ಗ್ರಂಥದ ಜೊತೆಗೆ ಪ್ರೇಷಿತರ (ಯೇಸು ಆರಿಸಿ ಕಳಿಸಿದ ಶಿಷ್ಯರ) ಪರಂಪರೆ, ಧರ್ಮಸಭೆಯ ಬೋಧನಾಧಿಕಾರ ಎನ್ನುತ್ತಾರೆ. ವೆಸ್ಲಿಯನ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಹಿನ್ನೆಲೆಯಿಂದ 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದ ಸಭೆಗಳಿಗೆ ಕೊನೆಯ ಅಳತೆಗೋಲು ಗ್ರಂಥವೇ. ಕಾಲುವೆಯ ಬಗ್ಗೆ ಜಗಳ, ಕೆರೆ ಒಂದೇ.

ಹಳೆಯ ಗರಿಗಳನ್ನು ಮರುವರ್ಷ ಬೂದಿ ಬುಧವಾರಕ್ಕೆ (ಆ ಗರಿಗಳ ಬೂದಿಯನ್ನು ಹಣೆಗೆ ಹಚ್ಚುವ ದಿನ) ಮುಂಚಿನ ಭಾನುವಾರ ಚರ್ಚಿಗೆ ತಂದುಕೊಡಿ, ಕಸಕ್ಕೆ ಹಾಕಬೇಡಿ. ಪೂರ್ತಿ ಒಣಗಿರಬೇಕು, ಹಸಿ ಇದ್ದರೆ ಹೊಗೆಯೇ ಹೆಚ್ಚು. ತುಂಡು ಮಾಡಿ ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ಕಪ್ಪಗಿರುವಾಗಲೇ ಮುಚ್ಚಳ ಹಾಕಿ. ಬಿಳಿ ಬೂದಿಯಾಗಲು ಬಿಟ್ಟರೆ ಹಣೆಯ ಮೇಲೆ ಕಾಣುವುದಿಲ್ಲ, ಕ್ಷಾರವೂ ಹೆಚ್ಚು. ಆರಿದ ಮೇಲೆ ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನೀರು ಹಾಕಿ ಕಲಸಬೇಡಿ, ಬೂದಿಯ ಕ್ಷಾರ ಬಿಟ್ಟುಕೊಂಡು ಚರ್ಮ ಸುಡುತ್ತದೆ. ಗುರುಗಳು ಚಿಮುಕಿಸುವ ಪವಿತ್ರ ಜಲದ ನಾಲ್ಕು ಹನಿಯೇ ಸಾಕು. ಊರಿಗೆಲ್ಲ ಬೂದಿ ಹಚ್ಚುವ ಗುರುಗಳೂ ಅಂದು ಹಣೆಗೆ ಅದೇ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಮಿಕ್ಕದ್ದನ್ನು ಮೋರಿಗೆ ಸುರಿಯದೆ ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಿ, ತೆಂಗಿನ ಬುಡವಾದರೂ ಸರಿ.